ನಲವತ್ತೊಂದನೇ ಚುಕ್ಕಿ

ನಮ್ಮ ಮನೆಯ ದೇವರ ಗೂಡಿನ ಪಕ್ಕ ಅಮ್ಮನ ಫೋಟೊ ಇದೆ. ಅದರ ಪಕ್ಕದಲ್ಲಿ ಅದೇ ಅಳತೆಯ ಕಟ್ಟು ಹಾಕಿಸಿದ ಇನ್ನೊಂದು ಚಿತ್ರ. ಅದರಲ್ಲಿ ಮುಖವಿಲ್ಲ, ಬರೀ ಚುಕ್ಕಿಗಳು. ಒಂದು ಕಡೆ ನೀಲಿ, ಒಂದು ಕಡೆ ಕೇಸರಿ. ಕೇಸರಿ ಗುಂಪಿನ ಅಂಚಿನ ಒಂದು ಚುಕ್ಕಿಗೆ ನಾನೇ ಪೆನ್ನಿನಲ್ಲಿ ಸುತ್ತು ಹಾಕಿದ್ದೇನೆ. ಬಂದವರು ಇದೇನು ರಂಗೋಲಿಯಾ ಅಂತ ಕೇಳುತ್ತಾರೆ. ಅಲ್ಲ, ಅದೂ ನಮ್ಮಮ್ಮನೇ ಅನ್ನುತ್ತೇನೆ.

ಆ ಚಿತ್ರ ಮಾಡಿದವಳು ನನ್ನ ಚಿಕ್ಕಮ್ಮನ ಮಗಳು ಪದ್ಮಶ್ರೀ, ನಮಗೆಲ್ಲ ಪದ್ದು. ಗಂಗಾನಗರದಲ್ಲಿ ಮಹಡಿ ಮೇಲಿನ ಒಂದು ಕೋಣೆ, ಯಲಹಂಕದ ಕಡೆ ಒಂದು ಲ್ಯಾಬು, ಇಷ್ಟೇ ಅವಳ ಪ್ರಪಂಚ. ಕ್ಯಾನ್ಸರ್ ಸಂಶೋಧನೆ ಅಂದರೆ ಬಿಳಿ ಕೋಟು, ಸೂಜಿ, ಇಲಿ ಅಂದುಕೊಂಡಿದ್ದೆ. ಇವಳ ಹತ್ತಿರ ಕಂಪ್ಯೂಟರ್ ಬಿಟ್ಟರೆ ಏನೂ ಇಲ್ಲ. ಊಟಕ್ಕೆ ಕೂತರೆ ಅನ್ನ ಕಲಸಿದ ಕೈ ಹಾಗೇ ನಿಂತುಬಿಡುತ್ತದೆ, ಕಣ್ಣು ಎಲ್ಲೋ. ಗಾಳಿ ಸೋಕಿದೆ, ಯಾರಾದರೂ ನಿವಾಳಿಸಿ ಎಂದು ನಾನು ರೇಗಿಸುತ್ತಿದ್ದೆ.

"ಅಣ್ಣಾ, ಮೈಯಲ್ಲಿರೋ ಪ್ರತಿ ಜೀವಕೋಶದಲ್ಲೂ ಒಂದೇ ಪುಸ್ತಕ ಇರತ್ತೆ" ಎಂದು ಒಮ್ಮೆ ಹೇಳಿದಳು. "ಕಣ್ಣಲ್ಲಿ ಒಂದು ಪುಟ ತೆರೆದಿರತ್ತೆ, ಲಿವರಲ್ಲಿ ಇನ್ನೊಂದು. ಯಾವ ಪುಟ ತೆರೀಬೇಕು, ಯಾವ್ದು ಮುಚ್ಚಬೇಕು ಅನ್ನೋದಕ್ಕೆ ಸ್ವಿಚ್‌ಗಳಿವೆ. ಕ್ಯಾನ್ಸರ್ ಬಂದಾಗ ಆ ಸ್ವಿಚ್‌ಗಳು ಕೆಡತ್ವೆ. ಎಲ್ಲಿ ಕೆಟ್ಟಿದೆ ಅಂತ ಹುಡುಕೋದೇ ನನ್ ಕೆಲ್ಸ." ಅವತ್ತು ರಾತ್ರಿ ನನ್ನ ಮೈತುಂಬ ಯಾರೋ ಮೆಲ್ಲಗೆ ಪುಟ ಮಗುಚುತ್ತಿದ್ದ ಹಾಗೆ ಕನಸು ಬಿತ್ತು.

ಅಮ್ಮ ಯಲ್ಲಮ್ಮ ರಾಜಾನುಕುಂಟೆಯಲ್ಲಿ ಸೊಪ್ಪು ಬೆಳೆಯುತ್ತಿದ್ದಳು. ಆ ಮಡಿಗಳಿದ್ದ ಜಾಗದಲ್ಲಿ ಈಗ ಸೈಟುಗಳಿವೆ. ಲೇಔಟ್ ಮಾಡಿದ ಪುಣ್ಯಾತ್ಮ ನಾನೇ. ರಜೆಯಲ್ಲಿ ಬಂದ ಪದ್ದು ಮಂಜಿನಲ್ಲಿ ಅಮ್ಮನ ಹಿಂದೆ ನಡೆಯುತ್ತ, ಕೊಯ್ದ ಸೊಪ್ಪಿಗೆ ನೀರು ಚಿಮುಕಿಸುವಳು. ಮಂಜಿನೊಳಗೆ ಇಬ್ಬರೂ ಕಾಣುತ್ತಿರಲಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಕಟ್ಟನ್ನು ಮುಟ್ಟಿದರೆ ಸಾಕು, ಕೊಯ್ದು ಎಷ್ಟು ಹೊತ್ತಾಯಿತು ಅಂತ ಅಮ್ಮ ಹೇಳಿಬಿಡುತ್ತಿದ್ದಳು. "ಇದು ಕೊಯ್ದು ಎಲ್ಡು ಗಂಟೆ ಆಗೈತೆ. ಕೊಯ್ದ ತಕ್ಸಣ ಸೊಪ್ಪು ಸಾಯಕಿಲ್ಲ ಕಣವ್ವ, ನೀರು ನೀರು ಅಂತ ಕೂಗ್ತಾನೇ ಇರ್ತೈತೆ."

ಅದೇ ಅಮ್ಮ ಎದೆಯಲ್ಲಿ ಎದ್ದ ಗಂಟನ್ನು ಎಂಟು ತಿಂಗಳು ಸೆರಗಿನಡಿ ಮುಚ್ಚಿಟ್ಟುಕೊಂಡಳು. ಒಂದೇ ಸೂರಿನಡಿ ಇದ್ದ ನನಗೆ ಕಾಣಲಿಲ್ಲ. ಲೇಔಟ್ ಅಪ್ರೂವಲ್ ಅಂತ ಓಡಾಡುತ್ತಿದ್ದೆ. ಕೊನೆಗೆ ಊರಿನ ಆ ತುದಿಯ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಅದಕ್ಕೆ ಮೊದಲು, ತೆಗೆಯುವ ಗೆಡ್ಡೆಯ ಒಂದು ಚೂರನ್ನು ಪದ್ದುವಿನ ಲ್ಯಾಬಿನ ಸಂಶೋಧನೆಗೆ ಕೊಡುತ್ತೀರಾ ಅಂತ ಕಾಗದ ತಂದರು.

"ಅದೇನಾರ ಯೋಳ್ತದಾ ಪದ್ದು?" ಅಂದಳು ಅಮ್ಮ.

"ಹೇಳತ್ತೆ ದೊಡ್ಡಮ್ಮ. ನಾನು ಹೇಳಿಸ್ತೀನಿ."

"ಇಂಗೆ ಬಿಸಾಕೋ ಬದ್ಲು ಯೋಳ್ಲಿ ಬುಡು" ಎಂದು ಸಹಿ ಹಾಕಿದಳು. ಒಂದೂವರೆ ವರ್ಷಕ್ಕೆ ಹೋಗಿಬಿಟ್ಟಳು.

ಚೂರುಗಳ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ಯಾವುದು ಯಾರದು ಅಂತ ಪದ್ದುವಿಗೂ ಗೊತ್ತಿರಬಾರದಂತೆ. ಆದರೆ ಡಬ್ಬಿಗೆ ಚೀಟಿ ಅಂಟಿಸುವಾಗ ನಾನು ಅಲ್ಲೇ ಇಣುಕಿದ್ದೆ: ನಲವತ್ತೊಂದು. ನೂರಾ ಹನ್ನೆರಡು ಹೆಂಗಸರ ಚೂರುಗಳನ್ನು ಮೂರು ವರ್ಷ ಓದಿ ಅವಳು ಈ ಚಿತ್ರ ತಂದಾಗ, ನಲವತ್ತೊಂದು ಯಾವುದು ಅಂತ ಕೇಳಿ ಗುಟ್ಟು ಬಿಟ್ಟುಕೊಟ್ಟೆ. ಅವಳು ಕೇಸರಿ ಅಂಚಿನ ಮೇಲೆ ಬೆರಳಿಟ್ಟಳು. ಒಂದೊಂದು ಚುಕ್ಕಿಯೂ ಒಬ್ಬ ಹೆಂಗಸು. ಕೇಸರಿ ಗುಂಪಿನ ಮೂವತ್ತೆಂಟು ಜನರಲ್ಲಿ ಒಂದಷ್ಟು ಸ್ವಿಚ್‌ಗಳು ಒಟ್ಟಿಗೆ ಹೊತ್ತಿಕೊಂಡಿದ್ದವಂತೆ. ಅವನ್ನು ನೋಡಿ ಯಾರಿಗೆ ಹೆಚ್ಚು ಬಿರುಸಿನ ಮದ್ದು ಬೇಕು ಅಂತ ಮೊದಲೇ ತಿಳಿಯಬಹುದಂತೆ. ಲೇಖನ ಅಚ್ಚಿಗೆ ಹೋಗಿತ್ತು. ನಾನು ಕಟ್ಟು ಹಾಕಿಸಿದೆ, ಹಾರ ಹಾಕಿದೆ. ನಮ್ಮಮ್ಮನಿಂದ ನಾಳೆ ಯಾರೋ ಬದುಕುತ್ತಾರೆ ಅಂತ ಬೀದಿಗೆಲ್ಲ ಡಂಗುರ ಹೊಡೆದೆ.

ಆಮೇಲೊಂದು ಬೆಳಿಗ್ಗೆ ಗಂಗಾನಗರದಲ್ಲಿ ಪದ್ದು ತಳ್ಳುಗಾಡಿಯಿಂದ ದಂಟಿನ ಸೊಪ್ಪಿನ ಕಟ್ಟು ಎತ್ತಿಕೊಂಡಳು. ಬಾಡಿತ್ತು. ಕೊಯ್ದು ಎಷ್ಟು ಹೊತ್ತಾಯಿತೋ ಅಂದುಕೊಂಡವಳು ಹಾಗೇ ನಿಂತುಬಿಟ್ಟಳಂತೆ. ಗೌರಮ್ಮ, ಸೊಪ್ಪು ಮಾರುವವಳು, "ತಗೊಳ್ಳಲ್ವೇನಮ್ಮಾ?" ಅಂತ ಮೂರು ಸಲ ಕೇಳಿದಳಂತೆ. ಉಸಿರು ಸಿಗದಾಗ ಯಾವ ಜೀವಕೋಶವಾದರೂ, ಕೊಯ್ದಿಟ್ಟ ಚೂರಿನದಾದರೂ, ಕೆಲವು ಸ್ವಿಚ್ ಹೊತ್ತಿಸಿಕೊಳ್ಳುತ್ತದೆ. ಕೇಸರಿಯವರಲ್ಲಿ ಹೊತ್ತಿದ್ದವುಗಳಲ್ಲಿ ಅಂಥವೂ ಇದ್ದವು. ಅದೂ ಕ್ಯಾನ್ಸರಿನದೇ ಕೆಲಸ ಅಂತ ಅವಳು ನಂಬಿದ್ದಳು.

ಚೂರು ಕೊಯ್ದು ಲ್ಯಾಬಿನ ಫ್ರೀಜರ್ ಸೇರಲು ಎಷ್ಟು ಹೊತ್ತು? ಎಲ್ಲ ಫಾರಂಗಳಲ್ಲೂ ಮೂವತ್ತು ನಿಮಿಷ ಅಂತಿತ್ತು. ಏಕೆಂದರೆ ಅದು ಫಾರಂನಲ್ಲೇ ಅಚ್ಚಾಗಿತ್ತು, ಯಾರೂ ತಿದ್ದಿರಲಿಲ್ಲ. ಅವಳು ಡಬ್ಬಿಗಳನ್ನು ತರುವ ವ್ಯಾನಿನ ಡ್ರೈವರ್ ಗುರುಪಾದಪ್ಪನನ್ನು ಹುಡುಕಿಕೊಂಡು ಹೋದಳು. ತಡವಾಗಿದ್ದಕ್ಕೆ ಒಮ್ಮೆ ಬೈಸಿಕೊಂಡ ಮೇಲೆ ಆತ ಪ್ರತಿ ಟ್ರಿಪ್ಪಿನ ಹೊತ್ತನ್ನೂ ಡೈರಿಯಲ್ಲಿ ಬರೆದಿಡುತ್ತಿದ್ದ. ಡಬ್ಬಿ ನಲವತ್ತೊಂದು. ಹೆಬ್ಬಾಳದಲ್ಲಿ ಯಾವುದೋ ಲಾರಿ ಕೆಟ್ಟು ರಸ್ತೆ ಕಟ್ಟಿಕೊಂಡಿತ್ತು. ಎರಡು ಗಂಟೆ ಹತ್ತು ನಿಮಿಷ.

ಕೇಸರಿ ಚುಕ್ಕಿಗಳೆಲ್ಲ ಹೀಗೇ, ದಾರಿಯಲ್ಲಿ ಸಿಕ್ಕಿಕೊಂಡವು. ಮೂರು ವರ್ಷ ಅವಳು ಕಣ್ಣು ನೆಟ್ಟು ನೋಡಿದ್ದು ಹೆಬ್ಬಾಳದ ಟ್ರಾಫಿಕ್ಕನ್ನು.

ಭಾನುವಾರ ನಮ್ಮ ಮನೆಗೆ ಬಂದಳು. ಲೇಖನ ವಾಪಸ್ ತಗೊಂಡೆ, ಮೂವತ್ತೆಂಟನ್ನೂ ಲೆಕ್ಕದಿಂದ ತೆಗೀಬೇಕು ಅಂದಳು. ನನಗೆ ಸಿಟ್ಟು ನೆತ್ತಿಗೇರಿತು.

"ನಮ್ಮಮ್ಮನ್ನ ಎತ್ತಿ ಬಿಸಾಕ್ತೀಯಾ? ಸುಮ್ನಿದ್ರೆ ಯಾರಿಗ್ ಗೊತ್ತಾಗತ್ತೆ?"

"ಯಾರೋ ಹೆಂಗಸಿಗೆ ತಪ್ಪು ಮದ್ದು ಕೊಡ್ತಾರಣ್ಣಾ" ಅಂದಳು. ಅಳುತ್ತಿದ್ದಳು.

ನಾನು ಚುಕ್ಕಿಗಳ ಚಿತ್ರದ ಕಡೆ ತಿರುಗಿದೆ. "ಹಂಗಾದ್ರೆ ಅಮ್ಮ ಏನೂ ಹೇಳ್ಲೇ ಇಲ್ವಾ?"

"ಹೇಳಿದ್ರು. ಕೊಯ್ದು ಎರಡು ಗಂಟೆ ಆಯ್ತು, ಬಾಡ್ತಿದೀನಿ ಅಂದ್ರು. ನಾನೇ ಅದನ್ನ ಕಾಯಿಲೆ ಅಂದ್ಕೊಂಡೆ."

ಈಗ ಆಪರೇಷನ್ ಕೋಣೆಯಲ್ಲೇ, ಕೊಯ್ದ ಕೂಡಲೇ ಚೂರನ್ನು ಕೆಡದಂತೆ ಕಾಪಾಡುವ ದ್ರವದಲ್ಲಿ ಹಾಕುತ್ತಾರಂತೆ. ಪದ್ದುವಿನ ಮೇಲಿನವರು ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದರು. ಅವಳು ಎಪ್ಪತ್ತನಾಲ್ಕು ಚುಕ್ಕಿಗಳಿಂದ ಮತ್ತೆ ಶುರುಮಾಡಿದ್ದಾಳೆ. ಹೊಸ ಚಿತ್ರ ಕಳಿಸಿದ್ದಳು. ಅದರಲ್ಲಿ ನಲವತ್ತೊಂದು ಇಲ್ಲ. ಇನ್ನು ಹಳೆಯದನ್ನು ಇಳಿಸಿಬಿಡಿ ಅಂದಳು ನನ್ನ ಹೆಂಡತಿ ದಿವ್ಯ.

ನಾನು ಇಳಿಸಲಿಲ್ಲ. ಅಮ್ಮ ಎಂಟು ತಿಂಗಳು ನನ್ನೆದುರೇ ಬಾಡುತ್ತ ಓಡಾಡಿದಳು, ನಾನು ನೋಡಲಿಲ್ಲ. ಅವಳ ಚೂರೊಂದು ಎರಡು ಗಂಟೆ ಬಾಡಿದ್ದನ್ನು ಪದ್ದು ನೋಡಿದಳು. ಬೆಳಿಗ್ಗೆ ಹಾರಕ್ಕೆ ಚಿಮುಕಿಸುವ ನೀರಿನಲ್ಲಿ ನಾಲ್ಕು ಹನಿ ಆ ಗಾಜಿನ ಮೇಲೂ ಬೀಳುತ್ತವೆ. ನಾನು ಒರೆಸುವುದಿಲ್ಲ.