ಮಾಸ್ತರರಿಗೆ ಕೊಟ್ಟ ನಿರೋಪ

ಜಮಖಂಡಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ಸೇರಿಹೋಗಿ ಆರು ವರ್ಷಗಳಾಗಿದ್ದವು. ನಾನು ಧಾರವಾಡದಲ್ಲಿ ಬಿ.ಎ. ಮುಗಿಸಿ ಊರಿಗೆ ಬಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೆಲಸವಿಲ್ಲದೆ ತಿರುಗುತ್ತಿದ್ದ ಕಾಲ ಅದು. ಆಗ ನಾನು ಮಾಡಿದ ಒಂದು ಕೆಲಸದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಇದುವರೆಗೆ ಯಾರ ಮುಂದೆಯೂ ಹೇಳಿಲ್ಲ, ಹೆಂಡತಿಯ ಮುಂದೆ ಕೂಡ.

ನಮ್ಮ ಓಣಿಯಲ್ಲಿ ಬಾಪೂರಾಯರದೊಂದು ಛಾಪಖಾನೆ ಇತ್ತು. ಮದುವೆಯ ಪತ್ರಿಕೆ, ರಬಕವಿಯ ಸೀರೆ ವ್ಯಾಪಾರಿಗಳ ಚೀಟಿ, ನಾಟಕದ ಜಾಹೀರಾತು ಇಂಥವನ್ನು ಅಚ್ಚು ಹಾಕುತ್ತಿದ್ದರು. ಅದರ ಜೊತೆಗೆ ಎರಡು ತಿಂಗಳಿಗೊಂದರಂತೆ ಒಂದು ಚಿಕ್ಕ ಪುಸ್ತಕವನ್ನೂ ಹೊರಡಿಸುತ್ತಿದ್ದರು. ಚಂದ್ರನಿಗೆ ಹೋಗುವವರು, ಮಂಗಳದಲ್ಲಿ ಇಳಿಯುವವರು, ಸಮುದ್ರದ ತಳದಲ್ಲಿ ಊರು ಕಟ್ಟುವವರು, ಇಂಥ ಕಥೆಗಳು. ಈಗ ಅದಕ್ಕೆ ವೈಜ್ಞಾನಿಕ ಕಾದಂಬರಿ ಎನ್ನುತ್ತಾರೆ. ನಮ್ಮ ಕಡೆ ಜನ ‘ಗ್ರಹದ ಪುಸ್ತಕ’ ಎನ್ನುತ್ತಿದ್ದರು. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿಯೊಬ್ಬರು ಆ ಹೆಸರು ನಂಬಿ ನಾಲ್ಕು ಪುಸ್ತಕ ಒಯ್ದು, ಮರುವಾರ ಸಿಟ್ಟಿನಿಂದ ತಿರುಗಿ ತಂದು, “ಶನಿ ಕಾಟಕ್ಕ ಪರಿಹಾರ ಯಾವ ಪುಟದಾಗ ಐತಿ ತೋರಸ್ರಿ” ಎಂದು ಜಗಳ ತೆಗೆದಿದ್ದರು.

ಈ ಮಾಲೆಯನ್ನು ಹುಟ್ಟುಹಾಕಿದವರು ರಬಕವಿಯ ಮಲ್ಲಪ್ಪ ಮಾಸ್ತರರು. ನೇಕಾರರ ಮನೆಯವರು. ಸಾಲೆಯಲ್ಲಿ ಗಣಿತ ಮತ್ತು ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ಸಂಪಾದಕರೂ ಅವರೇ, ಹೆಚ್ಚಿನ ಕಥೆಗಳನ್ನು ಬರೆಯುವವರೂ ಅವರೇ. ವಾರಕ್ಕೆರಡು ಸಲ ಬಸ್ಸಿನಲ್ಲಿ ಜಮಖಂಡಿಗೆ ಬಂದು, ಛಾಪಖಾನೆಯ ಮೂಲೆಯ ಕುರ್ಚಿಯಲ್ಲಿ ಕುಳಿತು ಕೆಲಸ ನೋಡುತ್ತಿದ್ದರು. ಕರಡು ತಿದ್ದಲು ನನ್ನನ್ನು ಹಚ್ಚಿಸಿದವರೂ ಅವರೇ. “ಹುಡುಗ ಓದ್ಯಾನ, ಕಣ್ಣ ಚುರುಕ ಅದಾವ, ಇರಲಿ ತಗೋರಿ ರಾಯರ” ಎಂದು ರಾಯರಿಗೆ ಹೇಳಿ ನನ್ನನ್ನು ಒಳಗೆ ಸೇರಿಸಿದರು. ಈ ಉಪಕಾರವನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನದು ಸರಿಯಾಗಿ ತಿಳಿಯಲಿ ಎಂದು.

ಮಾಸ್ತರರ ಕಥೆಗಳಲ್ಲಿ ಆಕಾಶಕ್ಕೆ ಹೋಗುವ ಯಂತ್ರಕ್ಕೆ ‘ಲಾಳಿ’ ಎಂದು ಹೆಸರು. ಮಗ್ಗದಲ್ಲಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ನೂಲು ಒಯ್ಯುತ್ತದಲ್ಲ, ಅದೇ ಲಾಳಿ. “ಹೋಗಿ ತಿರುಗಿ ಬರೂ ವಸ್ತುಕ್ಕ ಮತ್ತೇನ ಅನಬೇಕೋ?” ಎನ್ನುತ್ತಿದ್ದರು. ನನಗೆ ಅದು ಹಳ್ಳಿಯ ಮಾತಾಗಿ ಕೇಳುತ್ತಿತ್ತು. ‘ವ್ಯೋಮಯಾನ’ ಎಂದರೆ ಎಷ್ಟು ಗಂಭೀರ! ಇದನ್ನು ನಾನು ಮಾಸ್ತರರ ಮುಂದೆ ಹೇಳಲಿಲ್ಲ, ರಾಯರ ಮುಂದೆ ಹೇಳಿದೆ. ಒಂದು ಸಲವಲ್ಲ, ಹತ್ತು ಸಲ ಹೇಳಿದೆ.

ದೂರದ ಊರಿನಲ್ಲಿ ಪುಸ್ತಕ ಮಾರುತ್ತಿದ್ದ ಏಜಂಟರಿಬ್ಬರು ಮಾಸ್ತರರ ಭಾಷೆ ತಿಳಿಯುವುದಿಲ್ಲವೆಂದು ಇನ್ನು ಬೇಡವೆಂದಾಗ ರಾಯರು ನನ್ನನ್ನು ಕರೆದರು. ಒಳ್ಳೆಯ ಮನುಷ್ಯ, ಆದರೆ ಕಹಿ ಮಾತು ತಾವು ಆಡುವವರಲ್ಲ.

“ಇನ್ನ ಮುಂದ ಸಂಪಾದಕ ನೀನ. ಮಾಸ್ತರರಿಗೂ ವಯಸ್ಸಾತು. ಅವರಿಗೆ ಛಂದಾಗಿ ನಿರೋಪ ಕೊಡೋಣ. ಶಾಲು, ಕಾಯಿ, ನಾಲ್ಕು ಮಂದಿ ಮಾತು. ನೀ ಹೋಗಿ ಅವರಿಗೆ ತಿಳಿಸಿ ಹೇಳಿ ಬಾ. ನಿನ್ನ ಮ್ಯಾಲ ಅವರಿಗೆ ಪ್ರೀತಿ ಅದ, ಬ್ಯಾಸರಾ ಮಾಡಿಕೊಳ್ಳೂದಿಲ್ಲ” ಎಂದರು.

ಈ ‘ನಿರೋಪ’ ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರಾಯರ ಮನೆಯಲ್ಲೂ ನಮ್ಮ ಮನೆಯಲ್ಲೂ ಕನ್ನಡ ಮರಾಠಿ ಎರಡೂ ನಡೆಯುತ್ತಿದ್ದವು. ಮರಾಠಿಯಲ್ಲಿ ನಿರೋಪ ಕೊಡುವುದು ಎಂದರೆ ಬೀಳ್ಕೊಡುವುದು. ಮಾಸ್ತರರ ಮನೆಯಲ್ಲಿ ಬರೀ ಕನ್ನಡ. ಅಲ್ಲಿ ನಿರೋಪ ಎಂದರೆ ಹೇಳಿ ಕಳಿಸುವ ಸುದ್ದಿ. “ಮಾವನಿಗೆ ಊಟಕ್ಕ ಬಾ ಅಂತ ನಿರೋಪ ಕಳಸು” ಎನ್ನುವಾಗಿನ ನಿರೋಪ. ಈ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತಿತ್ತು.

ಮರುದಿನ ರಬಕವಿಗೆ ಹೋದೆ. ಬಸ್ಸಿನಲ್ಲಿ ಕುಳಿತಾಗ, ‘ಮಾಸ್ತರ, ನಿಮ್ಮನ್ನ ಬಿಡಿಸಿ ನನ್ನನ್ನ ಕೂಡಸಾಕತ್ತಾರ’ ಎಂದು ಹೇಗೆ ಹೇಳಲಿ ಎಂದು ನಾಲಿಗೆಯ ಮೇಲೆ ಹತ್ತು ತರಹ ಹೊರಳಿಸಿ ನೋಡಿದೆ. ಯಾವುದೂ ಹೊರಗೆ ಬರುವಂತೆ ಇರಲಿಲ್ಲ. ಮಾಸ್ತರರು ಪಡಸಾಲೆಯಲ್ಲಿ ಮರದ ಪೆಟ್ಟಿಗೆಯ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದರು. ಪಕ್ಕದಲ್ಲೇ ಅವರ ತಮ್ಮನ ಮಗ್ಗ ಖಟಖಟ ಎನ್ನುತ್ತಿತ್ತು.

“ಬಾರೋ ವಸಂತಾ, ಈ ಬಿಸಿಲಾಗ ಯಾಕ ಬಂದಿ?” ಎಂದರು.

“ರಾಯರು ಕಳಿಸ್ಯಾರ್ರಿ. ಬರೋ ಐತವಾರ ಛಾಪಖಾನ್ಯಾಗ ಒಂದು ಸಭಾ ಅದರಿ. ನಿರೋಪದ ಸಭಾ.”

“ನಿರೋಪದ ಸಭಾ?” ಮಾಸ್ತರರು ಟಾಕು ಕೆಳಗಿಟ್ಟರು. ಒಂದು ಗಳಿಗೆ ಯೋಚಿಸಿದರು. ಆಮೇಲೆ ಅವರ ಮುಖ ಅರಳಿತು. “ಅಂದ್ರ ನಾ ಓದೋ ಮಂದಿಗೆ ನಿರೋಪ ಹೇಳಬೇಕೇನು? ಭೇಷ್! ಮೂರು ವರ್ಷಾತು, ಓದವರನ್ನ ಕೂಡಿಸಿ ಒಂದ ಮಾತ ಆಡಿಲ್ಲ ನೋಡು. ರಾಯರಿಗೆ ಕಡೀಕೂ ತಿಳೀತು.”

ನಾನು “ಹೂಂನ್ರಿ” ಎಂದೆ.

ಆ ಪದ ನನ್ನ ಬಾಯಿಗೆ ತಾನಾಗಿಯೇ ಬಂತೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಬಸ್ಸು ಇಳಿಯುವ ಮೊದಲೇ ಅದನ್ನು ಆರಿಸಿಕೊಂಡಿದ್ದೆ. ತಿಳಿದರೆ ತಿಳಿಯಲಿ, ತಿಳಿಯದಿದ್ದರೆ ಸಭೆಯಲ್ಲಿ ರಾಯರೇ ಹೇಳಿಕೊಳ್ಳಲಿ ಎಂಬ ಹೇಡಿಯ ಲೆಕ್ಕಾಚಾರ. ಮಾಸ್ತರರ ಹೆಂಡತಿ ಗಂಗವ್ವನವರು ಕೊಟ್ಟ ಮಜ್ಜಿಗೆ ಕುಡಿದು ವಾಪಸು ಬಂದೆ. ರಾಯರಿಗೆ “ಹೇಳಿ ಬಂದೀನ್ರಿ” ಎಂದೆ. “ಏನಂದ್ರು?” ಎಂದು ಕೇಳಿದರು. “ಖುಷಿ ಆದ್ರು” ಎಂದೆ. ರಾಯರಿಗೆ ಆಶ್ಚರ್ಯವಾಯಿತು. ದೊಡ್ಡ ಮನಸ್ಸಿನವರು ಎಂದು ಹೊಗಳಿದರು.

ಐತವಾರ ಸಂಜೆ ಛಾಪಖಾನೆಯ ಅಂಗಳದಲ್ಲಿ ಜಮಖಾನೆ ಹಾಸಿದ್ದೆವು. ನಲವತ್ತು ಮಂದಿ ಬಂದಿದ್ದರು. ಮುಧೋಳದಿಂದ ಇಬ್ಬರು ಓದುಗರು ಸೈಕಲ್ಲು ತುಳಿದುಕೊಂಡು ಬಂದಿದ್ದರು. ಬೀಳಗಿಯಿಂದ ಒಬ್ಬ ಕಿರಾಣಿ ಅಂಗಡಿಯವರು ಅಂಗಡಿ ಮುಚ್ಚಿ ಬಂದಿದ್ದರು. ಮಾಸ್ತರರು ಹೊಸ ಧೋತರ ಉಟ್ಟು, ಪಟಕ ಸುತ್ತಿ, ಮಡಿಸಿದ ನಾಲ್ಕು ಹಾಳೆ ಹಿಡಿದು ಬಂದರು. ಜೊತೆಗೆ ಗಂಗವ್ವನವರನ್ನೂ ಕರೆತಂದಿದ್ದರು. ಅವರನ್ನು ಸಭೆಗೆ ಕರೆತಂದದ್ದು ಅದೇ ಮೊದಲು.

ಮೊದಲು ಮಾಸ್ತರರೇ ಮಾತಾಡಲಿ ಎಂದರು ರಾಯರು. ಮಾಸ್ತರರು ಎದ್ದು ನಿಂತು, ಹಾಳೆ ಬಿಚ್ಚಿ, ‘ಓದುಗರಿಗೆ ನಿರೋಪ’ ಎಂದು ದೊಡ್ಡ ದನಿಯಲ್ಲಿ ಶುರು ಮಾಡಿದರು. ಬರುವ ವರ್ಷ ಆರು ಪುಸ್ತಕ ಬರುತ್ತವೆ ಎಂದರು. ಒಂದೊಂದರ ಹೆಸರನ್ನೂ ಓದಿದರು. ಆಗ ನಡೆಯುತ್ತಿದ್ದ ಕಥೆಯಲ್ಲಿ ರಬಕವಿಯ ಐದು ಜನ ಮಂಗಳಕ್ಕೆ ಹೋಗಿ, ಲಾಳಿ ಕೆಟ್ಟು, ಅಲ್ಲೇ ಸಿಕ್ಕಿಬಿದ್ದಿದ್ದರು. ಹಾಳೆಯಿಂದ ತಲೆ ಎತ್ತಿ ಮಾಸ್ತರರು ಹೇಳಿದರು: “ಯಾರೂ ಕಾಳಜಿ ಮಾಡಬ್ಯಾಡ್ರಿ. ಬರೋ ಪುಸ್ತಕದಾಗ ಐದೂ ಮಂದೀನ್ನ ಮನಿಗೆ ಕರಕೊಂಡ ಬರತೀನಿ. ಇದು ನನ್ನ ಮಾತು.”

ಬೀಳಗಿಯವರು ಜೋರಾಗಿ ಚಪ್ಪಾಳೆ ತಟ್ಟಿದರು. ಉಳಿದವರು ಮುಖ ಮುಖ ನೋಡಿಕೊಂಡರು, ಏಕೆಂದರೆ ಊರಿನವರಿಗೆಲ್ಲ ಇದು ಬೀಳ್ಕೊಡುವ ಸಭೆ ಎಂದು ಗೊತ್ತಿತ್ತು. ಶಾಲು ಹಿಡಿದು ಕುಳಿತಿದ್ದ ರಾಯರ ಮುಖ ಸಣ್ಣಗಾಯಿತು. ನನ್ನ ಕಡೆ ಬಗ್ಗಿ, ಮುಂದಿನ ಸಾಲಿಗೆಲ್ಲ ಕೇಳುವಂತೆ, “ಇದು ಅವರನ್ನ ಬಿಡಸೂ ಸಭಾ ಅಂತ ನೀ ಹೇಳಿಲ್ಲೇನೋ ಅವರಿಗೆ?” ಎಂದರು.

ಆಗ ಒಂದೇ ಒಂದು ಸತ್ಯ ಆಡಿದ್ದರೆ ಸಾಕಿತ್ತು. ಬೈಸಿಕೊಳ್ಳುತ್ತಿದ್ದೆ, ಆ ಕುರ್ಚಿಯೂ ಹೋಗುತ್ತಿತ್ತೋ ಏನೋ. ನಾನು ಹೇಳಿದ್ದು ಇದು:

“ಹೇಳೀನ್ರಿ ರಾಯರ. ಮನಿಗೆ ಹೋಗಿ ಬಿಡಿಸಿ ಹೇಳೀನಿ. ಮಾಸ್ತರರು ಮರತಿರಬೇಕು.”

ಮಾಸ್ತರರು ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ನನಗೆ ಈಗ ಸಮಾಧಾನವಿರುತ್ತಿತ್ತು. ತರಗತಿಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದವನನ್ನು ಮಾಸ್ತರರು ನೋಡುತ್ತಾರಲ್ಲ, ಹಾಗೆ ನೋಡಿದರು. ಆಮೇಲೆ ಹಾಳೆಗಳನ್ನು ನಿಧಾನವಾಗಿ ಮಡಿಸಿ ಕಿಸೆಯಲ್ಲಿಟ್ಟುಕೊಂಡು ರಾಯರ ಕಡೆ ತಿರುಗಿದರು.

“ಹೌದ್ರಿ ರಾಯರ. ಹುಡುಗ ಹೇಳಿದ್ದ. ನನಗ ಮರತ ಹೋತು.”

ಅವರು ನನ್ನ ಮಾನ ಉಳಿಸಿದರು. ನಾನು ಅವರದು ಕಳೆದೆ. ರಾಯರು ಅವಸರದಿಂದ ಶಾಲು ಹೊದಿಸಿದರು, ಕಾಯಿ ಕೊಟ್ಟರು, ಎರಡು ಮಾತು ಆಡಿದರು. ಹೊಸ ಸಂಪಾದಕನೆಂದು ನನ್ನ ಹೆಸರು ಹೇಳಿ ನನ್ನ ಕೊರಳಿಗೆ ಹಾರ ಹಾಕಿದರು. ಹೆಂಗಸರ ಸಾಲಿನಲ್ಲಿ ಗಂಗವ್ವನವರು ಗಂಡನನ್ನೇ ನೋಡುತ್ತ ಕುಳಿತಿದ್ದರು. ಅವರ ಕಣ್ಣಲ್ಲಿದ್ದದ್ದು ಅವಮಾನವಲ್ಲ, ಹೆದರಿಕೆ. ನನಗೆ ಅದು ಕಂಡಿತು, ಆದರೂ ಹಾರ ಸರಿಮಾಡಿಕೊಂಡೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಾನು ಆಡಿದ ಮಾತು ಹೊಳೆಯ ದಂಡೆಯವರೆಗೂ ಹೋಯಿತು. ‘ಮಾಸ್ತರಿಗೆ ಮರವು ಹತ್ತೇತಂತ’ ಎಂದು ಬನಹಟ್ಟಿಯಲ್ಲಿ ಅಂದರು, ರಬಕವಿಯಲ್ಲಿ ಅಂದರು. ಅವರ ಮನೆಗೆ ಬೀಜಗಣಿತ ಕಲಿಯಲು ಬರುತ್ತಿದ್ದ ಮಕ್ಕಳನ್ನು ತಂದೆತಾಯಿಗಳು ಬಿಡಿಸಿದರು. ಕೋರ್ಟಿನ ಕಾಗದ, ಸರಕಾರದ ಅರ್ಜಿ ಏನಿದ್ದರೂ ಅವರಿಂದಲೇ ಬರೆಯಿಸುತ್ತಿದ್ದ ನೇಕಾರರು, ಎಲ್ಲಿ ಏನು ಬಿಟ್ಟು ಬರೆಯುತ್ತಾರೋ ಎಂದು ಬೇರೆಯವರನ್ನು ಹುಡುಕಿಕೊಂಡರು. ಒಂದು ತಪ್ಪನ್ನೂ ಮಾಡದ ಮನುಷ್ಯನನ್ನು ಊರು ಹುಷಾರಾಗಿ ನೋಡತೊಡಗಿತು. ಒಬ್ಬರ ಹೆಸರನ್ನು ಎಲ್ಲರೂ ಒಮ್ಮೊಮ್ಮೆ ಮರೆಯುತ್ತಾರೆ, ಆದರೆ ಅವರು ಮರೆತರೆ ‘ನೋಡ್ರಿ’ ಎನ್ನುತ್ತಿದ್ದರು.

ಇತ್ತ ನಾನು ಸಂಪಾದಕನಾದೆ. ಮೊದಲ ದಿನವೇ ಲಾಳಿಯನ್ನೆಲ್ಲ ಹೊಡೆದು ವ್ಯೋಮಯಾನ ಎಂದು ಬರೆದೆ. ಮಂಗಳದಲ್ಲಿ ಸಿಕ್ಕಿಬಿದ್ದ ಐದು ಜನರನ್ನು ಹೇಗೆ ಕರೆತರಬೇಕೆಂದು ನನಗೆ ತಿಳಿಯಲಿಲ್ಲ. ಧೂಳಿನ ಬಿರುಗಾಳಿ ಎಬ್ಬಿಸಿ ಮೂರು ಪುಟದಲ್ಲಿ ಕೊಂದುಬಿಟ್ಟೆ. ಬೀಳಗಿಯ ಅಂಗಡಿಯವರು ಒಂದು ಕಾರ್ಡು ಬರೆದರು: ‘ಮಾಸ್ತರು ಮಾತು ಕೊಟ್ಟಿದ್ದರು.’ ಅಷ್ಟೇ ಇತ್ತು ಅದರಲ್ಲಿ. ಆ ಕಾರ್ಡನ್ನು ರಾಯರಿಗೆ ತೋರಿಸದೆ ಹರಿದೆ. ಐದು ಪುಸ್ತಕವಾಗುವಷ್ಟರಲ್ಲಿ ರಾಯರ ಅಳಿಯ ಬಂದ. ಅವನಿಗೆ ಗ್ರಹಗಳು ಬೇಡವಾಗಿದ್ದವು, ಪತ್ತೇದಾರರು ಬೇಕಾಗಿದ್ದರು. ಸಂಪಾದಕನ ಕುರ್ಚಿಯೂ ಅವನದೇ ಆಯಿತು. ನನಗೆ ಶಾಲೂ ಇಲ್ಲ, ಕಾಯಿಯೂ ಇಲ್ಲ, ‘ನಾಳಿಂದ ಬರಬ್ಯಾಡ’ ಎಂಬ ಒಂದು ಮಾತು. ಅದನ್ನು ಅಳಿಯ ನನ್ನ ಮುಖ ನೋಡಿಯೇ ಹೇಳಿದ. ನಾನು ಮಾಸ್ತರರಿಗೆ ಅಷ್ಟನ್ನೂ ಮಾಡಿರಲಿಲ್ಲ.

ಕೆಲಸ ಹೋದ ಮೇಲೆ ಬುದ್ಧಿ ಬಂತು ಎನ್ನಬೇಕು. ತಪ್ಪು ಒಪ್ಪಿಕೊಂಡು ಬರೋಣವೆಂದು ಒಂದು ಮಧ್ಯಾಹ್ನ ರಬಕವಿಗೆ ಹೋದೆ. ಬಾಗಿಲಲ್ಲಿ ಗಂಗವ್ವನವರೇ ಸಿಕ್ಕರು. ದನಿ ತಗ್ಗಿಸಿ, “ನಿಮ್ಮ ಹೆಸರ ಬಿಡಿಸಿ ಹೇಳ್ರಿ ಅವರಿಗೆ. ಗುರತ ಸಿಗಲಿಕ್ಕಿಲ್ಲ. ನಿಮಗ ಗೊತ್ತೈತೆಲ್ಲ, ಅವತ್ತ ನಿಮ್ಮ ಮುಂದನ ಆತಲ್ಲ” ಎಂದರು.

ನಾನು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ ಮಾಸ್ತರರ ದನಿ ಬಂತು. “ವಸಂತನೇನು? ಬಾರೋ. ನಿನ್ನ ನಾಕನೇ ಪುಸ್ತಕದ ಇಪ್ಪತ್ತೇಳನೇ ಪುಟದಾಗ ಮಂಗಳಕ್ಕ ಒಂದ ಚಂದ್ರ ಅಂತ ಹಾಕೀದಿ. ಎರಡ ಅದಾವೋ ಮಾರಾಯಾ!”

ಕುಳಿತೆ. ಅವರು ಇನ್ನೂ ನಾಲ್ಕು ತಪ್ಪು ಹೇಳಿದರು, ಪುಟದ ಸಂಖ್ಯೆಯ ಸಮೇತ. ಪುಸ್ತಕ ಅವರ ಕೈಯಲ್ಲಿರಲಿಲ್ಲ. ಗಂಗವ್ವನವರು ಚಹಾ ಕಾಯಿಸಲು ಒಳಗೆ ಹೋದ ಮೇಲೆ ನಾನು ಧೈರ್ಯ ಮಾಡಿದೆ.

“ಮಾಸ್ತರ, ಅವತ್ತ ಸಭಾದಾಗ ನಾ ಸುಳ್ಳ...”

“ಯಾವ ಸಭಾ?” ಎಂದರು.

“ನಿರೋಪದ ಸಭಾರಿ.”

ಮಾಸ್ತರರು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರು. “ನನಗ ಯಾವ ಸಭಾನೂ ನೆನಪಿಲ್ಲಪಾ. ಮರತೀನಿ” ಎಂದರು. ಅದು ಕ್ಷಮೆಯೋ ಶಿಕ್ಷೆಯೋ ಇವತ್ತಿಗೂ ನನಗೆ ತಿಳಿದಿಲ್ಲ. ನನ್ನ ತಪ್ಪೊಪ್ಪಿಗೆಯಂತೂ ನನ್ನ ಬಾಯಲ್ಲೇ ಉಳಿಯಿತು.

ಅಷ್ಟರಲ್ಲಿ ಚಹಾ ಹಿಡಿದು ಬಂದ ಗಂಗವ್ವನವರು ಆ ಕೊನೆಯ ಮಾತನ್ನು ಕೇಳಿಸಿಕೊಂಡರು. ಕಪ್ಪು ಕೆಳಗಿಟ್ಟು ಸೆರಗಿನಿಂದ ಕಣ್ಣು ಒರೆಸಿಕೊಂಡರು. “ನೋಡ್ರಿ, ಹಿಂಗ. ಅಂಥಾ ದೊಡ್ಡ ಸಭಾನೂ ನೆನಪಿಲ್ಲ ಅವರಿಗೆ. ದಿನಾ ರಾತ್ರಿ ದೇವರಿಗೆ ಕೈ ಮುಗೀತೀನ್ರಿ, ನನ್ನ ಗುರತಾದರೂ ಅವರಿಗೆ ಉಳೀಲಿ ಅಂತ” ಎಂದರು. ಮಾಸ್ತರರು ಹೆಂಡತಿಯ ಕಡೆ ಗಾಬರಿಯಿಂದ ತಿರುಗಿದರು. ಆಕೆ ಇಷ್ಟು ದಿನ ಇದನ್ನು ನಿಜವೆಂದೇ ನಂಬಿಕೊಂಡಿದ್ದಾಳೆಂದು ಅವರಿಗೂ ತಿಳಿದಿರಲಿಲ್ಲ ಎಂದು ತೋರುತ್ತದೆ. ಏನೋ ಹೇಳಲು ಬಾಯಿ ತೆರೆದು, ನನ್ನ ಕಡೆ ನೋಡಿದರು. ಆ ಮಾತನ್ನು ನಾನೇ ಹೇಳಲಿ ಎಂದು ಬಿಟ್ಟುಕೊಟ್ಟರು.

ಮಾಸ್ತರರೂ ಇಲ್ಲ, ಗಂಗವ್ವನವರೂ ಇಲ್ಲ. ನನಗೀಗ ಆಗಿನ ಮಾಸ್ತರರಿಗಿಂತ ಹೆಚ್ಚು ವಯಸ್ಸಾಗಿದೆ. ಬಹಳ ತಪ್ಪು ಮಾಡಿದ್ದೇನೆ, ಎಷ್ಟೋ ಮರೆತಿದ್ದೇನೆ. ಆ ಮಧ್ಯಾಹ್ನದ್ದು ಮಾತ್ರ ನೆನಪಾದರೆ ಒಬ್ಬನೇ ಇದ್ದಾಗಲೂ ತಲೆ ತಗ್ಗಿಸುತ್ತೇನೆ. ‘ಅವ್ವಾರ, ಮಾಸ್ತರರು ಏನೂ ಮರತಿಲ್ಲ, ನಾ ಸುಳ್ಳ ಹೇಳೀನಿ.’ ಇಷ್ಟು ಹೇಳಿದ್ದರೆ ಆ ತಾಯಿ ಅವತ್ತು ರಾತ್ರಿ ನೆಮ್ಮದಿಯಿಂದ ಮಲಗುತ್ತಿದ್ದರು. ಇಬ್ಬರೂ ನನ್ನ ಮುಖವನ್ನೇ ನೋಡುತ್ತ ಕುಳಿತಿದ್ದರು. ನಾನು ಕಪ್ಪು ಎತ್ತಿ ಒಂದು ಗುಟುಕು ಕುಡಿದು, “ಚಾ ಛಲೋ ಆಗೇದ್ರಿ” ಎಂದೆ.