ಕಂಡಕ್ಟ್ರಣ್ಣನ ಬೊಬ್ಬೆ

ಕಳೆದ ತಿಂಗಳು ಊರಿಗೆ ಹೋಗುವಾಗ ಚೆರ್ಕಳದ ತಿರುವಿನಲ್ಲಿ ನಮ್ಮ ಕಾರಿನ ಮುಂದೆ ರಬ್ಬರ್ ಶೀಟ್ ತುಂಬಿದ ಲಾರಿಯೊಂದು ನಿಂತಿತ್ತು. ಶೀಟಿನ ಆ ಹುಳಿ ನಾತ ಗೊತ್ತಿದ್ದವರಿಗೇ ಗೊತ್ತು. ಗಂಡ ಮೂಗು ಮುಚ್ಚಿಕೊಂಡು ಗಾಜು ಏರಿಸಲು ಹೊರಟರು. ಬೇಡ ಎಂದೆ. ಇಂಥ ನಾತದಲ್ಲಿ ಇವಳಿಗೆ ಎಂಥ ಸುಖವೋ ಎಂಬಂತೆ ನನ್ನ ಮುಖ ನೋಡಿದರು. ನನಗೋ ಮುಳ್ಳೇರಿಯದ ನಮ್ಮ ಮನೆಯ ಹಿಂದಿನ, ರಬ್ಬರ್ ಶೀಟ್ ಒಣಗಿಸುವ ಶೆಡ್ಡು, ಅದರೊಳಗಿನ ನಮ್ಮ ಗಲಾಟೆ, ಬಾಗಿಲಲ್ಲಿ ಬಂದು ನಿಂತ ಕಂಡಕ್ಟ್ರಣ್ಣ... ಎಲ್ಲ ಒಟ್ಟಿಗೆ ನೆನಪಾಯಿತು.

ಕಂಡಕ್ಟ್ರಣ್ಣ ನಮ್ಮ ಎದುರುಮನೆಯವರು. ಕಾಸರಗೋಡಿನಿಂದ ಮುಳ್ಳೇರಿಯಕ್ಕೆ ಓಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್. ಅವರ ಸ್ವರ ಬಸ್ಸಿಗಿಂತ ಮೊದಲು ಊರು ತಲುಪುತ್ತಿತ್ತು. “ಬೋವಿಕಾನ, ಕಾರಡ್ಕ, ಮುಳ್ಳೇರಿಯಾ...” ಎಂದು ಕೊನೆಯ ಅಕ್ಷರವನ್ನು ಎಳೆದು, ತುದಿಯಲ್ಲಿ ಸ್ವಲ್ಪ ಮೇಲಕ್ಕೆತ್ತಿ ಬಿಡುವುದು ಅವರ ಕ್ರಮ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲೂ “ಹಿಂದೆ ಹೋಗಿ, ಹಿಂದೆ ಹೋಗಿ, ಫುಟ್‌ಬಾಲ್ ಆಡ್ಲಿಕ್ಕೆ ಜಾಗ ಉಂಟು” ಎನ್ನುತ್ತಿದ್ದರು. ಮನೆಗೆ ಬಂದ ಮೇಲೆ ಅದೇ ಸ್ವರದಲ್ಲಿ ಹೆಂಡತಿಯೊಡನೆ ಜಗಳ. ನಾವು ಅಕ್ಕ ಎಂದು ಕರೆಯುತ್ತಿದ್ದ ಆ ಹೆಂಡತಿಯೂ ಏನು ಕಡಿಮೆಯಲ್ಲ. ಮೀನಿಗೆ, ಟಿ.ವಿ.ಗೆ, ಕೋಳಿಗೂಡಿನ ಬಾಗಿಲಿಗೆ, ದಿನಕ್ಕೊಂದು ಕಾರಣ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಅವರ ಮಟ್ಟಿಗೆ ಸುಳ್ಳು, ಉಂಡು ಮಲಗಿದ ಮೇಲೂ ಕೇಳಿಸುತ್ತಿತ್ತು.

ನಾನು ಡಿಗ್ರಿ ಮುಗಿಸಿದ ವರ್ಷ ಕಂಡಕ್ಟ್ರಣ್ಣನ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಮಂಗಳೂರಿನಲ್ಲಿ ಆಪರೇಷನ್ ಆಯಿತು, ಗಡ್ಡೆಯೊಡನೆ ಸ್ವರವೂ ಹೋಯಿತು. ಉಳಿದದ್ದು ಬರೀ ಗಾಳಿ... ಅವರ ಬಾಯಿಯ ಹತ್ತಿರ ಕಿವಿ ಇಟ್ಟರೆ ಮಾತ್ರ ಕೇಳುವ ಪಿಸುಮಾತು. ಬಸ್ಸಿನ ಕೆಲಸ ಬಿಟ್ಟರು. ಹೆಂಡತಿಯನ್ನು ಕರೆಯಬೇಕಾದರೆ ಸ್ಟೀಲಿನ ಲೋಟವನ್ನು ಜಗಲಿಯ ಕಂಬಕ್ಕೆ ಬಡಿಯುತ್ತಿದ್ದರು. ಅಕ್ಕ ಓಡಿ ಬರುತ್ತಿದ್ದರು, ಕೇಳಿದ್ದು ಕೊಡುತ್ತಿದ್ದರು, ಒಂದು ಎದುರುಮಾತಿಲ್ಲ. ಸ್ವರ ಇಲ್ಲದವರ ಹತ್ತಿರ ಜಗಳವಾಡುವುದು ಪಾಪ ಎಂದುಕೊಂಡಿದ್ದರೋ ಏನೋ. ಎದುರುಮನೆ ತಣ್ಣಗಾಯಿತು. ಆ ಮೌನ ನಮಗೇ ಹಿಂಸೆಯಾಗುತ್ತಿತ್ತು, ಒಳಗಿದ್ದ ಅವರಿಬ್ಬರಿಗೆ ಹೇಗಿತ್ತೋ...

ಅದೇ ಕಾಲದಲ್ಲಿ ನನ್ನ ತಮ್ಮ ಗಿಟಾರ್ ಹಿಡಿದು, ಇಬ್ಬರು ಗೆಳೆಯರನ್ನು ಕಟ್ಟಿಕೊಂಡು ಮೆಟಲ್ ಬ್ಯಾಂಡ್ ಮಾಡಿದ್ದ. ಹಾಡುವವಳು ನಾನು. ಹಾಡು ಅಂದರೆ ಹಾಡಲ್ಲ, ಬೊಬ್ಬೆ. ಇಗರ್ಜಿಯ ಕ್ವಾಯರಿನಲ್ಲಿ ಹಾಡುತ್ತಿದ್ದ ಮಗಳು ಶೆಡ್ಡಿನಲ್ಲಿ ಹಂದಿ ಕೊಯ್ದ ಹಾಗೆ ಕಿರುಚುವುದನ್ನು ಕೇಳಿ ಅಪ್ಪ ಶಿಲುಬೆಯ ಗುರುತು ಮಾಡಿಕೊಂಡದ್ದೂ ಉಂಟು. ಕಿರುಚಿ ಕಿರುಚಿ ಗಂಟಲು ಕಿತ್ತುಬರುವಂತಾದಾಗ ತಮ್ಮನ ಗಿಟಾರಿನ ಡಿಸ್ಟಾರ್ಷನ್ ಪೆಡಲನ್ನು ಮೈಕಿಗೆ ಸಿಕ್ಕಿಸಿದೆವು. ಕಾಲಲ್ಲಿ ಒತ್ತುವ ಒಂದು ಕಬ್ಬಿಣದ ಡಬ್ಬಿ ಅದು. ಒಳಗೆ ಹೋದ ಸ್ವರವನ್ನು ಒಡೆದು, ಒರಟು ಮಾಡಿ, ಹಿಗ್ಗಿಸಿ ಹೊರಗೆ ಕಳಿಸುತ್ತದೆ. ಇಲ್ಲಿ ಮೆಲ್ಲ ಕಿರುಚಿದರೂ ಸ್ಪೀಕರಿನಲ್ಲಿ ರಾಕ್ಷಸ ಬರುತ್ತಾನೆ. ಡ್ರಮ್ ಬಾರಿಸುವ ಹುಡುಗನಿಗೆ ಮಾತ್ರ ಇದು ಸರಿ ಕಾಣಲಿಲ್ಲ. “ಇದು ಕಳ್ಳ ಬೊಬ್ಬೆ ಮಾರಾಯ್ತಿ. ಬೊಬ್ಬೆ ಗಂಟಲಿಂದ ಬರ್ಬೇಕು, ಡಬ್ಬಿಯಿಂದ ಅಲ್ಲ” ಎಂದು ಪ್ರತಿ ಭಾನುವಾರ ತಕರಾರು ತೆಗೆಯುತ್ತಿದ್ದ. ಒಳಗೊಳಗೆ ನನಗೂ ಅದು ಹೌದೆನಿಸಿ ನಾಚಿಕೆಯಾಗುತ್ತಿತ್ತು.

ಅಂಥ ಒಂದು ಭಾನುವಾರ ಮಧ್ಯಾಹ್ನ ಕಂಡಕ್ಟ್ರಣ್ಣ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದರು. ಬೈಯಲು ಬಂದರೆಂದು ನನ್ನ ತಮ್ಮ ಗಡಿಬಿಡಿಯಲ್ಲಿ ಸದ್ದು ತಗ್ಗಿಸಿದ. ಅವರು ಕೈಯಾಡಿಸಿ ಬೇಡ ಎಂದರು. ನನ್ನ ಹತ್ತಿರ ಬಂದು ಕಿವಿಯಲ್ಲಿ ಪಿಸುಗುಟ್ಟಿದರು.

“ನೀನು ಮೆಲ್ಲ ಕಿರುಚುದು, ಅದು ಜೋರು ಬರುದು. ನಾನು ಶೆಡ್ಡಿನ ಕಿಟಕಿಯಿಂದ ನೋಡಿದ್ದೇನೆ. ನಂಗೊಂದು ಸಲ ಕೊಡು ಮಗಾ. ಬರುವ ತಿಂಗಳು ಇನ್ನೊಂದು ಆಪರೇಷನ್ ಉಂಟು, ಆಮೇಲೆ ಈ ಗಾಳಿ ಸಹ ಇಲ್ವಂತೆ.”

ಮೈಕ್ ಕೊಟ್ಟು ನಾನೇ ಪೆಡಲ್ ಒತ್ತಿದೆ. ಅವರು “ಮುಳ್ಳೇರಿಯಾ” ಎಂದು ಪಿಸುಗುಟ್ಟಿದರು, ಶೆಡ್ಡಿನ ತಗಡು ನಡುಗಿತು. ತನ್ನ ಸ್ವರಕ್ಕೆ ತಾನೇ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ನಕ್ಕರು, ಆ ನಗೆಯೂ ಗುಡುಗಿತು. ಸ್ವಲ್ಪ ಸುಧಾರಿಸಿಕೊಂಡು, ರಸ್ತೆಯಾಚೆಯ ತನ್ನ ಮನೆಯ ಕಡೆ ಮುಖ ಮಾಡಿ, ಉಸಿರು ತುಂಬಿಕೊಂಡರು.

“ಏ... ಕಜಿಪುಗು ಉಪ್ಪಿಜ್ಜೀ...”

ಸಾರಿಗೆ ಉಪ್ಪಿಲ್ಲ ಎಂದು. ಜಗಳಕ್ಕೆ ಅವರದ್ದು ಯಾವಾಗಲೂ ತುಳುವೇ. ಆ ಗರ್ಜನೆಯಲ್ಲಿ ಮಾತು ಯಾವುದು, ಸದ್ದು ಯಾವುದು ಎಂದು ಪಕ್ಕದಲ್ಲಿದ್ದ ನಮಗೇ ಸರಿಯಾಗಿ ಬಿಡಿಸಿ ಕೇಳಲಿಲ್ಲ. ಆದರೆ ಅಕ್ಕನಿಗೆ ಆ ಕೊನೆಯ ಎಳೆತವೇ ಸಾಕಾಗಿರಬೇಕು. ಪಾತ್ರೆ ತೊಳೆಯುತ್ತಿದ್ದ ಒದ್ದೆ ಕೈಯಲ್ಲೇ ಓಡಿ ಬಂದು ಶೆಡ್ಡಿನೆದುರು ನಿಂತರು.

“ಉಪ್ಪಿಲ್ಲದ್ದು ಇವತ್ತು ಗೊತ್ತಾದದ್ದಾ ನಿಮಗೆ? ಇಷ್ಟು ದಿನ ಬಾಯಿಗೆ ಎಂತ ಆಗಿತ್ತು?”

ಕೂಗಿದ ಮೇಲೆ ತಾನು ಏನು ಕೇಳಿದೆ ಎಂದು ಹೊಳೆದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಕಂಡಕ್ಟ್ರಣ್ಣ ಬಿಡಲಿಲ್ಲ. ಚಹಾ ತಣ್ಣಗೆ, ಮೀನು ಹಳತು ಎಂದು ಕೂಡಿಟ್ಟದ್ದನ್ನೆಲ್ಲ ಹೊರಗೆ ಹಾಕಿದರು. ನಾನು ಎಂತ ಹೇಳಿದರೂ ಆಯ್ತು ಆಯ್ತು ಅಂತೀಯಲ್ಲ, ನಾನೇನು ಸತ್ತಾಯ್ತಾ ಎಂದು ಗುಡುಗಿದರು. ಅಕ್ಕ ಒಂದಕ್ಕೆ ಎರಡು ಕೊಟ್ಟರು. ಅಳುತ್ತಲೇ ಕೊಟ್ಟರು. ಡ್ರಮ್ಮಿನ ಹುಡುಗ ಕೋಲುಗಳನ್ನು ಮಡಿಲಲ್ಲಿಟ್ಟು ತಲೆ ತಗ್ಗಿಸಿ ಕೂತಿದ್ದ. ಕಳ್ಳ ಬೊಬ್ಬೆಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಆಪರೇಷನ್ನಿನ ತನಕ ಪ್ರತಿ ಭಾನುವಾರ ಊಟವಾದ ಮೇಲೆ ಇಬ್ಬರೂ ಬರುತ್ತಿದ್ದರು. ಅವರ ಜಗಳ ಮುಗಿದ ಮೇಲೆ ನಮ್ಮ ಪ್ರಾಕ್ಟೀಸು. ಜಗಳಕ್ಕೆ ವಿಷಯ ಸಾಲದೆ ಮದುವೆಯ ದಿನದ ಊಟದವರೆಗೂ ಹೋದದ್ದುಂಟು. ಒಂದು ದಿನ ಮೈಕಿನಿಂದ ಬಂದದ್ದನ್ನು ನನ್ನ ತಮ್ಮ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಟ್ಟ.

ಎರಡನೇ ಆಪರೇಷನ್ನಿನಲ್ಲಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಕುತ್ತಿಗೆಯಲ್ಲಿ ತೂತು ಮಾಡಿ ಉಸಿರಾಟಕ್ಕೆ ಬೇರೆ ದಾರಿ ಕೊಟ್ಟರು, ಬಾಯಿಗೆ ಗಾಳಿಯೇ ಬರುವಂತಿರಲಿಲ್ಲ. ಗಾಯ ಮಾಗಿದ ಮೇಲೆ ಒಂದು ಭಾನುವಾರ ಒಬ್ಬರೇ ಬಂದರು. ನಾನು ಮೈಕ್ ಕೊಟ್ಟೆ, ಕೊಡದೆ ಇರುವುದು ಹೇಗೆ? ಅವರ ತುಟಿ ಆಡಿತು. ಸ್ಪೀಕರಿನಿಂದ ಬರೀ ಜುಂಯ್ ಎಂಬ ಕರೆಂಟಿನ ಸದ್ದು. ಪೆಡಲಿನ ತಿರುಪನ್ನು ತಮ್ಮ ಕೊನೆಯ ತನಕ ತಿರುಗಿಸಿದ. ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಅಲ್ಲವೇ... ಕಂಡಕ್ಟ್ರಣ್ಣ ತಾವೇ ಬಗ್ಗಿ ಸ್ವಿಚ್ ಆರಿಸಿದರು. ನನ್ನ ಭುಜ ತಟ್ಟಿ ಹೊರಟುಹೋದರು.

ಆಮೇಲೆ ಎರಡು ಮಳೆಗಾಲ ಇದ್ದರು. ಅವರು ತೀರಿಕೊಂಡಾಗ ನಾನು ಮದುವೆಯಾಗಿ ಮಂಗಳೂರು ಸೇರಿದ್ದೆ. ಬ್ಯಾಂಡ್ ಎಂದೋ ಚದುರಿಹೋಗಿತ್ತು.

ಚೆರ್ಕಳದಲ್ಲಿ ಲಾರಿ ಕಂಡ ಆ ದಿನ ಮನೆ ಮುಟ್ಟಿದವಳೇ ತಮ್ಮನಿಂದ ಆ ರೆಕಾರ್ಡಿಂಗನ್ನು ಫೋನಿಗೆ ಹಾಕಿಸಿಕೊಂಡು ಎದುರುಮನೆಗೆ ಹೋದೆ. ಅಕ್ಕನಿಗೆ ವಯಸ್ಸಾಗಿದೆ, ಮಾತು ಕಡಿಮೆಯಾಗಿದೆ. ಕಂಡಕ್ಟ್ರಣ್ಣನ ಸ್ವರ ಇದರಲ್ಲಿ ಉಂಟು, ಕೇಳಿಸಲಾ ಎಂದೆ. ಅಕ್ಕ ಫೋನನ್ನು ಕೈಗೆ ತೆಗೆದುಕೊಂಡು, ಸೆರಗಿನಿಂದ ಒರೆಸಿ, ನನಗೇ ಹಿಂದೆ ಕೊಟ್ಟರು.

“ಬೇಡ ಮಗಾ. ಅದು ಹೇಳಿದ್ದನ್ನೇ ಹೇಳ್ತಾ ಇರ್ತದೆ. ನಾನೊಂದು ಹೇಳಿದ್ರೆ ತಿರುಗಿ ಹೇಳ್ಲಿಕ್ಕೆ ಜನ ಬೇಕಲ್ಲ.”

ನನಗೆ ಅಳು ಬಂತು. ಅಕ್ಕ ಮಾತು ಬದಲಿಸಿ, ನನ್ನ ಗಂಡ ಹೇಗೆ, ಜಗಳ ಮಾಡುತ್ತಾರಾ ಎಂದು ಕೇಳಿದರು. ಮಾಡ್ತಾರೆ ಎಂದೆ.

“ಮಾಡ್ಲಿ” ಎಂದರು ಅಕ್ಕ. “ನೀನೂ ಬಿಡ್ಬೇಡ.”