ಕಡೆಯ ಹಬೆ

ಶನಿವಾರ ಎಲ್ಲರೂ ಮಿಂದಾದ ಮೇಲೆ ಹಬೆಮನೆಯ ಕಡೆಯ ಹಬೆ ತೀರಿಕೊಂಡವರಿಗೆ. ಒಂದು ಬಕೆಟ್ ನೀರು, ಮೈಗೆ ಬಡಿದುಕೊಳ್ಳಲು ಒಂದು ಸೊಪ್ಪಿನ ಕಟ್ಟು ಇಟ್ಟು ಬಂದರೆ, ಮತ್ತೆ ಬದುಕಿರುವವರು ಒಳಗೆ ಕಾಲಿಡುವಂತಿಲ್ಲ.

ಬ್ರೋನೆಯ ಗಂಡ ಕಾಜಿಸ್ ತೀರಿಕೊಂಡ ಮೇಲೆ ಇದು ಮೊದಲ ಶನಿವಾರ. ಮೊಮ್ಮಗಳು ಎಂದಿನಂತೆ ಬರ್ಚ್ ಮರದ ಸೊಪ್ಪಿನ ಕಟ್ಟು ತಂದಳು.

"ಅದನ್ನ ಆಚೆ ಇಡೇ. ನಿಮ್ಮ ತಾತಂಗೆ ಓಕ್ ಸೊಪ್ಪೇ ಬೇಕು."

"ಓಕ್ ಕಟ್ಟಿಕೊಡು ಅಂತ ತಾತ ಕೇಳಿದಾಗೆಲ್ಲ ಬೈತಿದ್ದೆಯಲ್ಲಜ್ಜಿ?"

"ಬೈತಿದ್ದೆ. ಅದಕ್ಕೇನೀಗ?"

ಬ್ರೋನೆ ತಾನೇ ಓಕ್ ಸೊಪ್ಪು ಕಟ್ಟಿ, ನೆನೆಸಿ, ಮೇಲಿನ ಹಲಗೆಯ ಮೇಲಿಟ್ಟಳು. ಕಾದ ಕಲ್ಲಿಗೆ ನೀರು ಸುರಿದು ಹೊರಬಂದು ಬಾಗಿಲು ಹಾಕಿದಳು.

"ನಡಿ ಅಜ್ಜಿ, ಚಳಿ."

"ಬೆನ್ನಿಗೆ ಅವರ ಕೈ ಎಟುಕಲ್ಲ ಕಣೇ," ಎಂದಳು ಬ್ರೋನೆ. ಚಿಲಕದ ಮೇಲಿಟ್ಟ ಕೈ ತೆಗೆಯಲಿಲ್ಲ.